ಅಡುಗೆಮನೆಯ ಒಂಟಿ ಕೊಂಡಿ

ಜಯನಗರದಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಅಡುಗೆಮನೆಯಲ್ಲಿ, ಒಲೆಯ ಮುಂದೆ ಕೂತವರ ನೆತ್ತಿಯಿಂದ ಒಂಚೂರು ಮುಂದಕ್ಕೆ, ತೊಲೆಗೆ ಬಡಿದ ಒಂದು ಕಬ್ಬಿಣದ ಕೊಂಡಿ ಇತ್ತು. ಆ ಕೊಂಡಿಯ ದೆಸೆಯಿಂದ ನಾನು ಆ ಮನೆಯನ್ನೇ ಕಳೆದುಕೊಳ್ಳುವುದರಲ್ಲಿದ್ದೆ.

ಅರವತ್ತರ ದಶಕದ ಮೊದಲ ವರ್ಷಗಳು. ಮದುವೆಯಾಗಿ ಪೇಟೆಯ ವಠಾರಕ್ಕೆ ಬಂದವಳು ನಾನು. ಅಲ್ಲಿ ಎಲ್ಲರಿಗೂ ಸೇರಿ ಒಂದೇ ಕೊಳಾಯಿ, ಒಂದೇ ಬಚ್ಚಲು. ಮೈಮೇಲೆ ನಾಲ್ಕು ಚೆಂಬು ನೀರು ಸುರಿದುಕೊಳ್ಳುವಷ್ಟರಲ್ಲಿ ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಜಯನಗರಕ್ಕೆ ಹೋಗುತ್ತೇವೆ ಎಂದಾಗ ವಠಾರದವರೆಲ್ಲ ನಮ್ಮನ್ನು ಕಾಡಿಗೆ ಕಳಿಸುವವರ ಹಾಗೆ ಮುಖ ಮಾಡಿದರು. ಅರ್ಧ ಕಾಡೇ ಅನ್ನಿ. ಮನೆಗಿಂತ ಖಾಲಿ ಸೈಟುಗಳೇ ಜಾಸ್ತಿ, ರಸ್ತೆ ಮುಗಿದ ಕಡೆ ರಾಗಿ ಹೊಲ. ಆದರೆ ಅಲ್ಲಿ ನನ್ನದೇ ಬಚ್ಚಲುಮನೆ ಇತ್ತು, ಅದಕ್ಕೆ ಒಳಗಿನಿಂದ ಚಿಲಕ ಇತ್ತು. ಮೊದಲ ದಿನ ಚಿಲಕ ಹಾಕಿಕೊಂಡು, ಸ್ನಾನವಾದ ಮೇಲೂ ಎಷ್ಟೋ ಹೊತ್ತು ಹಂಡೆಯ ಪಕ್ಕ ಸುಮ್ಮನೆ ಕೂತಿದ್ದೆ. ಅಷ್ಟು ಸುಖ ನನಗೆ ಮದುವೆಯ ದಿನವೂ ಆಗಿರಲಿಲ್ಲ.

ಮನೆಯಲ್ಲಿ ನಾವು ಮೂವರು: ನಾನು, ಸರ್ಕಾರಿ ಆಫೀಸಿನಲ್ಲಿ ಗುಮಾಸ್ತರಾಗಿದ್ದ ನಮ್ಮವರು, ಅವರ ತಾಯಿ. ನಮ್ಮತ್ತೆ ನೆಲದ ಮೇಲೆ ಮಣೆ ಹಾಕಿಕೊಂಡೇ ಅಡುಗೆ ಮಾಡಬೇಕು. ಕಟ್ಟೆ ಕಟ್ಟಿಸಿಕೊಳ್ಳೋಣ ಎಂದರೆ, "ನಿಂತ್ಕೊಂಡು ಬೇಯ್ಸೋದು ಹೋಟ್ಲಿನೋರು" ಅನ್ನುತ್ತಿದ್ದರು. ಕೂರುವುದೇನೋ ಕೂರುತ್ತಿದ್ದರು, ಏಳುವಾಗ ಮಾತ್ರ ಮಂಡಿ ಹಿಡಿದುಕೊಂಡು "ಶಿವಶಿವಾ" ಎಂದು ಗೋಡೆ ತಡವುತ್ತಿದ್ದರು. ನಾನು ಕೈ ಕೊಡಲು ಹೋದರೆ, "ಬಿಡೇ, ನಾನೇನು ಮುದುಕೀನಾ?" ಎಂದು ಕೈ ಕೊಡವುತ್ತಿದ್ದರು. ಸೊಸೆಯ ಕೈ ಹಿಡಿದು ಏಳುವುದಕ್ಕಿಂತ ಏಳದೇ ಇರುವುದೇ ಮೇಲು ಎನ್ನುವ ಜಾತಿ.

ಹೀಗಿರುವಾಗ ಎದುರುಮನೆಯಾಕೆ ಒಂದು ಬೆಳಿಗ್ಗೆ ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದರು. ತಲೆಯೆತ್ತಿ ಕೊಂಡಿ ನೋಡಿದರು. ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಇದೇನಾ ಅದು?" ಅಂದರು.

"ಯಾವುದು?" ಅಂದರು ಅತ್ತೆ.

"ನಾವು ಬಂದು ಇನ್ನೂ ವರ್ಷ ಆಗಿಲ್ಲ, ನೋಡಿಲ್ಲ. ಹೂವಿನೋಳು ಹೇಳ್ತಿದ್ಲು, ಈ ಮನೇಲಿ ಹಿಂದೆ ಯಾರೋ ಹೆಂಗಸು ಹಗ್ಗ ಹಾಕ್ಕೊಂಡ್ಲಂತೆ. ಅದಕ್ಕೇ ಯಾರೂ ನಿಲ್ಲಲ್ಲ ಅಂತ."

ತೊಟ್ಟಿಲಿನ ಕೊಂಡಿ ಇರಬಹುದು ಎಂದೆ. "ತೊಟ್ಟಿಲು ಅಡುಗೆಮನೇಲಿ ಕಟ್ತಾರೇನಮ್ಮ? ಅದೂ ಒಲೆ ಮುಂದೆ?" ಅಂದರು ಆಕೆ. ಎದುರುಮನೆಯಾಕೆ ಮಜ್ಜಿಗೆ ತೆಗೆದುಕೊಂಡು ಹೋದರು, ನಮ್ಮ ಮನೆಯ ನೆಮ್ಮದಿಯನ್ನೂ ಅದರ ಜೊತೆಗೇ ಒಯ್ದರು.

ಅವತ್ತೇ ಅತ್ತೆ ಒಲೆಯನ್ನು ಹಿತ್ತಲ ಜಗಲಿಗೆ ಸಾಗಿಸಿದರು. ಆಷಾಢದ ಗಾಳಿ ಕೇಳಬೇಕೆ? ಉರಿ ನಿಲ್ಲುತ್ತಿರಲಿಲ್ಲ, ಸಾರಿನಲ್ಲಿ ಧೂಳು. ಮಗ ಊಟಕ್ಕೆ ಕೂತಾಗ ತೀರ್ಮಾನ ಹೇಳಿದರು. "ಆಷಾಢದಲ್ಲಿ ಮನೆ ಬದಲಾಯಿಸಬಾರ್ದು, ಅದಕ್ಕೇ ಸುಮ್ನಿದೀನಿ. ಶ್ರಾವಣ ಬರ್ತಿದ್ದ ಹಾಗೆ ಬೇರೆ ಮನೆ ನೋಡು. ಸಿಗ್ಲಿಲ್ಲ ಅಂದ್ರೆ ವಠಾರಕ್ಕೇ ಹೋಗೋಣ. ಅಲ್ಲಿ ಕೊಳಾಯಿ ಜಗಳ ಇತ್ತೇ ಹೊರತು ಪಿಶಾಚಿ ಇರ್ಲಿಲ್ಲ."

ನಮ್ಮವರು ಸಾರಿನ ಧೂಳನ್ನು ಬೆರಳಿಂದ ಬದಿಗೆ ಸರಿಸಿ ಉಂಡರು. ತಾಯಿಯ ಎದುರು ಅವರು ಎಂದೂ ಬಾಯಿ ಬಿಟ್ಟವರಲ್ಲ. ನನಗೆ ಬಚ್ಚಲುಮನೆಯ ಚಿಲಕ ಕಣ್ಣಮುಂದೆ ಬಂದು ಅಳುವೇ ಬಂತು. ಅತ್ತು ಮುಗಿಸಿದ ಮೇಲೆ ಸಿಟ್ಟು ಬಂತು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ, ಇಲ್ಲಿ ಕಂಡವರೇ ಯಾರೂ ಇಲ್ಲ. ಆಷಾಢ ಮುಗಿಯುವುದರೊಳಗೆ ಈ ಮನೆಯಲ್ಲಿ ಹಿಂದೆ ಯಾರು ಯಾರು ಇದ್ದರು, ಏನಾಯಿತು ಎಂದು ತಿಳಿದೇ ತೀರುತ್ತೇನೆ ಅಂದುಕೊಂಡೆ.

ಮೊದಲು ಮನೆಯ ಯಜಮಾನರ ಹತ್ತಿರ ಹೋದೆ. ಹಳೆಯ ಹಳ್ಳಿಯ ರೈತರು ಅವರು, ಹೊಲ ಲೇಔಟಾದ ಮೇಲೆ ಅವರ ಅಪ್ಪ ಬಾಡಿಗೆ ಮನೆ ಕಟ್ಟಿಸಿದ್ದರು. "ನನ್ನ ಮನೇಲಿ ಒಂದು ಇಲಿ ಸತ್ತಿಲ್ಲ ಕಣಮ್ಮ" ಅಂದರು. "ಕೊಂಡಿ ನಮ್ಮಪ್ಪನ ಕಾಲದ್ದು. ಆಗ ಮನೆ ವಿಚಾರ ಎಲ್ಲಾ ಅವರೇ ನೋಡ್ಕೊಳ್ತಿದ್ರು, ನಂಗೆ ತಿಳೀದು." ನಿಮಗಿಂತ ಮುಂಚೆ ಇದ್ದವರು ವಿಲ್ಸನ್ ಗಾರ್ಡನ್ನಿಗೆ ಹೋದರು ಎಂದು ಗುರುತು ಹೇಳಿದರು. ಇದನ್ನು ಅತ್ತೆಗೆ ಹೇಳಿದರೆ, "ಬಾಡಿಗೆ ತಗೊಳ್ಳೋನು ಇನ್ನೇನಂತಾನೆ?" ಅಂದರು.

ಭಾನುವಾರ ನಮ್ಮವರನ್ನು ಎಬ್ಬಿಸಿಕೊಂಡು ವಿಲ್ಸನ್ ಗಾರ್ಡನ್ನಿಗೆ ಹೊರಟೆ. ದಾವಣಗೆರೆಯ ಆಚೆಯಿಂದ ಬಂದ ಬಟ್ಟೆ ವ್ಯಾಪಾರಿಗಳ ಮನೆ. ಹಣೆಯ ತುಂಬ ವಿಭೂತಿ ಹಚ್ಚಿದ್ದ ಅಮ್ಮ ನಮ್ಮನ್ನು ಒಳಗೆ ಕರೆದು, ಅವಲಕ್ಕಿ ಕೊಟ್ಟ ಮೇಲೆಯೇ ಮಾತಿಗೆ ಬಿಟ್ಟಿದ್ದು.

"ಅಯ್ಯ, ಆ ಮನಿ ಬಂಗಾರದಂಥಾದು. ಅಂಗಡಿಗೆ ದೂರ ಆಗ್ತಿತ್ತು ಅಂತ ಬಿಟ್ವಿ ನೋಡ್ರಿ. ಕೊಂಡಿ ನಾವು ಬಂದಾಗಲೇ ಇತ್ತು. ಬೆಕ್ಕಿನ ಕಾಟಕ್ಕ ನಾ ಅದಕ್ಕ ನೆಲುವು ಕಟ್ಟಿ ಬೆಣ್ಣಿ ಗಡಿಗಿ ಇಡತಿದ್ದೆ."

ಅವರಿಗಿಂತ ಮುಂಚೆ ಯಾರಿದ್ದರು ಎಂದು ಕೇಳಿದೆ. ಮನೆ ಕಟ್ಟಿದ ಹೊಸದರಲ್ಲಿ ಇದ್ದ ಗಂಡ ಹೆಂಡತಿಯಂತೆ. ಆ ಹೆಂಡತಿ ಒಮ್ಮೆ ಕಂಕುಳಲ್ಲಿ ಎರಡು ಕೋಲು ಊರಿಕೊಂಡು ಹಳೆಯ ಮನೆ ನೋಡಲು ಬಂದಿದ್ದರಂತೆ. "ಬೆಣ್ಣಿ ಗಡಿಗಿ ನೋಡಿ ಭಾಳ ನಕ್ಕಳು. ಜಯನಗರದಾಗೇ ಹೊಲಿಗಿ ಕಲಸತಾಳ್ರಿ. ಕಾಲಿಲ್ಲದ ಟೀಚರ್ ಅಂದ್ರ ಯಾರರ ಹೇಳತಾರ."

ಅಂದರೆ ಆಕೆ ಬದುಕಿದ್ದರು. ಆ ಮನೆಯಲ್ಲಿ ಇದ್ದವರೆಲ್ಲ ಬದುಕಿದ್ದರು.

ಮನೆಗೆ ಬಂದು ಎಲ್ಲ ಹೇಳಿದರೆ ಅತ್ತೆಗೆ ನಂಬಿಕೆ ಬರಲಿಲ್ಲ. "ನಾನೇ ಬಂದು ಕೇಳ್ತೀನಿ. ನೀನು ಬಣ್ಣ ಹಚ್ಚಿ ಹೇಳ್ತೀಯ" ಎಂದು ಹೊರಟೇಬಿಟ್ಟರು.

ಟೀಚರ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ನೆಲದ ಮೇಲೆ ಚಾಪೆ, ಚಾಪೆಯ ಮೇಲೆ ಕೈಯಿಂದ ತಿರುಗಿಸುವ ಹೊಲಿಗೆ ಯಂತ್ರ, ಅದರ ಹಿಂದೆ ಆಕೆ, ಸುತ್ತ ಹೊಲಿಗೆ ಕಲಿಯುವ ಹುಡುಗಿಯರು. ಅಗಲವಾದ ಭುಜ, ತುಂಬಿದ ತೋಳು. ಸೀರೆಯ ಅಂಚಿನಲ್ಲಿ ಕಂಡ ಪಾದಗಳು ಮಾತ್ರ ಮಕ್ಕಳ ಪಾದದಷ್ಟೇ ಇದ್ದವು. ಅತ್ತೆ ಚಾಪೆಯ ಮೇಲೆ ಕೂತು, "ತಪ್ಪು ತಿಳ್ಕೋಬೇಡಿ. ನಿಮ್ಮ ಕಾಲದಲ್ಲಿ ಆ ಮನೇಲಿ, ಆ ಕೊಂಡೀಲಿ..." ಎಂದು ತಡವರಿಸಿದರು.

"ನೇಣು ಹಾಕ್ಕೊಂಡ್ರಾ ಅಂತಾನಾ?" ಆಕೆ ನಗತೊಡಗಿದರು. "ಅದರಲ್ಲಿ ದಿನಾ ನೇತಾಡ್ತಿದ್ದೋಳು ನಾನೇ ಕಣಮ್ಮ."

ಚಿಕ್ಕಂದಿನಲ್ಲಿ ಜ್ವರ ಬಂದು ಕಾಲು ಸತ್ತುಹೋಗಿದ್ದವಂತೆ. ಮದುವೆ ಮಾತಿಗೆ ಬಂದವರೆಲ್ಲ, ಒಲೆ ಮುಂದೆ ಕೂತವಳನ್ನು ಎಬ್ಬಿಸುವವರು ಯಾರು ಎಂದು ಎದ್ದು ಹೋದರಂತೆ. ಕೊನೆಗೆ ಕಾರ್ಖಾನೆಯ ಕೆಲಸಗಾರರೊಬ್ಬರು ಒಪ್ಪಿದರು. ಬೆಳಕು ಹರಿಯುವ ಮುಂಚೆ ಅವರು ಪಾಳಿಗೆ ಹೋದರೆ ಇಡೀ ಹಗಲು ಈಕೆ ಒಬ್ಬರೇ. "ಕೂರೋದು ಏನ್ ಕಷ್ಟ? ಏಳೋದೇ ಕಷ್ಟ. ಎಬ್ಬಿಸ್ರೀ ಅಂತ ಇನ್ನೊಬ್ರನ್ನ ಕರೀಬಾರ್ದು ಅಂತ ಹಟ ನಂಗೆ. ಬಡಗಿ ಕೈಲಿ ಕೊಂಡಿ ಹೊಡೆಸ್ದೆ, ಹಗ್ಗ ಕಟ್ದೆ. ಮನೆ ಬಿಡುವಾಗ ಹಗ್ಗ ಬಿಚ್ಕೊಂಡ್ ಬಂದೆ, ಕೊಂಡಿ ಕೀಳೋಕಾಗ್ಲಿಲ್ಲ. ಇರಿ, ಕಾಫಿ ಮಾಡ್ತೀನಿ."

ಕೈಯೂರಿ ಜಾರಿಕೊಂಡು ಅಡುಗೆಮನೆಯ ಹೊಸ್ತಿಲು ದಾಟಿದರು. ಅಲ್ಲೂ ತೊಲೆಯಿಂದ ಹಗ್ಗ ಇಳಿಬಿದ್ದಿತ್ತು. ಹಿಡಿದು ಹಿಡಿದು ನುಣುಪಾದ ಹಗ್ಗ, ಅಲ್ಲಲ್ಲಿ ದಪ್ಪ ಗಂಟು. ಕೆಳಗಿನ ಗಂಟು ಹಿಡಿದರು, ಆಮೇಲೆ ಅದರ ಮೇಲಿನದು, ಆಮೇಲೆ ಅದಕ್ಕೂ ಮೇಲಿನದು. ಬಾವಿಯಿಂದ ಕೊಡ ಬಂದ ಹಾಗೆ ಮೈ ನೆಟ್ಟಗೆ ಮೇಲೆ ಬಂತು. ಒಂದು ಕೈ ಹಗ್ಗದಲ್ಲೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಮೇಲಿನ ಹಲಗೆಯ ಕಾಫಿಪುಡಿ ಡಬ್ಬಿ ತೆಗೆದರು. ಕಾಫಿ ಸೋಸುತ್ತಾ ಹುಡುಗಿಯೊಬ್ಬಳ ಹೊಲಿಗೆ ಸೊಟ್ಟಗಿದೆ ಎಂದು ಅಲ್ಲಿಂದಲೇ ಗದರಿದರು. ನಾನು ನನ್ನ ಜನ್ಮದಲ್ಲಿ ಅಂಥ ಗಟ್ಟಿಗಿತ್ತಿಯನ್ನು ನೋಡಿಲ್ಲ. ಆ ಪುಟ್ಟ ಪಾದಗಳಿಗೆ ನಮಸ್ಕಾರ ಮಾಡಬೇಕು ಅನ್ನಿಸಿತು, ಸಂಕೋಚದಿಂದ ಮಾಡಲಿಲ್ಲ. ಕಂಡವರ ಮನೆಯ ಕಾಫಿ ಮುಟ್ಟದ ನಮ್ಮತ್ತೆ ಲೋಟ ಖಾಲಿ ಮಾಡಿದರು.

"ನಿಮಗೂ ಮಂಡಿನೋವಾ ಅಮ್ಮ?" ಎಂದು ಆಕೆ ಕೇಳಿದರು.

"ಇಲ್ಲಪ್ಪ, ನನಗೇನಾಗಿದೆ?" ಅಂದರು ಅತ್ತೆ.

ಹೊರಡುವಾಗ ಮೊದಲ ಸಲಕ್ಕೆ ಏಳಲು ಆಗಲಿಲ್ಲ. ನಾನು ಕೈ ಚಾಚಿದೆ, ನೋಡದವರಂತೆ ಗೋಡೆ ಹಿಡಿದು ಎದ್ದರು. ಟೀಚರ್ ಅಷ್ಟು ಹೊತ್ತೂ ತಲೆ ತಗ್ಗಿಸಿ ಸೂಜಿಗೆ ದಾರ ಪೋಣಿಸುತ್ತಿದ್ದರು.

ಮರುದಿನ ಒಲೆ ಅಡುಗೆಮನೆಗೆ ವಾಪಸ್ಸು ಬಂತು. ಆದರೆ ಶ್ರಾವಣದಲ್ಲಿ ಮನೆ ಬಿಡುವ ಮಾತನ್ನು ಅತ್ತೆ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೇಳಲು ನನಗೆ ಧೈರ್ಯವಿರಲಿಲ್ಲ. ಆಷಾಢದ ಅಮಾವಾಸ್ಯೆ ಕಳೆಯಿತು. ಮರುದಿನ ಬೆಳಿಗ್ಗೆ ನಮ್ಮವರು ಆಫೀಸಿಗೆ ಹೊರಟಾಗ ಅತ್ತೆ ಅವರನ್ನು ಕರೆದರು. ಮುಗಿಯಿತು, ಮನೆ ನೋಡು ಅನ್ನುತ್ತಾರೆ ಅಂದುಕೊಂಡೆ.

"ಬರ್ತಾ ಪೇಟೆಯಿಂದ ಒಂದು ಹಗ್ಗ ತಗೊಂಡ್ಬಾ. ನಾರಿನದ್ದು, ಗಟ್ಟಿ ಇರ್ಲಿ."

"ಯಾಕಮ್ಮ?"

"ಬೆಣ್ಣೆ ಗಡಿಗೆ ಕಟ್ಟೋಕೆ" ಅಂದರು, ನನ್ನ ಕಡೆ ನೋಡದೆ.

ನಮ್ಮ ಮನೆಯಲ್ಲಿ ಗಡಿಗೆ ತುಂಬುವಷ್ಟು ಬೆಣ್ಣೆ ಎಂದೂ ಇರಲಿಲ್ಲ. ಹಗ್ಗ ಬಂತು. ನಾನು ಬಾಯಿ ಮುಚ್ಚಿಕೊಂಡು ಗಂಟು ಹಾಕಿದೆ, ನಮ್ಮವರು ಸ್ಟೂಲ್ ಹತ್ತಿ ಕಟ್ಟಿದರು.

ಶ್ರಾವಣದ ಮೊದಲ ಶುಕ್ರವಾರ ಎದುರುಮನೆಯಾಕೆ ಕುಂಕುಮಕ್ಕೆ ಬಂದವರು, ಒಲೆಯ ಮುಂದೆ ತೂಗುತ್ತಿದ್ದ ಹಗ್ಗ ಕಂಡು ಹೊಸ್ತಿಲಲ್ಲೇ ನಿಂತುಬಿಟ್ಟರು. ಅತ್ತೆ ಹೋಳಿಗೆ ಕಾವಲಿಯನ್ನು ಪಕ್ಕಕ್ಕೆ ಸರಿಸಿದರು. ಕೆಳಗಿನ ಗಂಟು ಹಿಡಿದರು, ಮೇಲಿನ ಗಂಟು ಹಿಡಿದರು, ಎದ್ದು ನಿಂತರು. ಶಿವಶಿವಾ ಅನ್ನಲಿಲ್ಲ.

"ಯಾಕೆ ಅಲ್ಲೇ ನಿಂತ್ರಿ? ಒಳಗೆ ಬನ್ನಿ" ಅಂದರು. "ನಾವೇನು ಈ ಮನೆ ಬಿಡಲ್ಲ."