ಹೊನ್ನೂರಮ್ಮ ಕಿತ್ತುಕೊಂಡ ಫೋನು

ಹೊನ್ನೂರಮ್ಮನಿಗೆ ಮೂರು ದಿನದ ಪಗಾರ ಇನ್ನೂ ಬರಬೇಕು. ಕೊಡಬೇಕಾದವನು ಹರಪನಹಳ್ಳಿಯ ಮೆಕ್ಕೆಜೋಳದ ವ್ಯಾಪಾರಿ ಪಂಚಾಕ್ಷರಪ್ಪ. ವೇಬ್ರಿಜ್ಜಿನ ಕಂಪ್ಯೂಟರಿಗೆ ಹುಡುಗಿ ಬೇಕೆಂದು ಕರೆಸಿ, ಮೂರು ದಿನ ಲಾರಿ ತೂಗಿಸಿದ, ತೂಕದ ಚೀಟಿ ಹೊಡೆಸಿದ. ಒಂದು ಚೀಟಿಯೂ ತಪ್ಪಿರಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ, ಕೆಲಸ ಕಾಯಂ ಮಾಡುವ ಮೊದಲು, ಕೈ ಚಾಚಿದ.

"ಫೋನ್ ಕೊಡವ್ವ. ವಾಟ್ಸಾಪು, ಇನ್‌ಸ್ಟಾ ಎಲ್ಲಾ ತೆಗ್ದು ಕೊಡು."

"ಅದ್ಯಾಕ್ರಿ ಸಾವ್ಕಾರ್ರ?"

"ಎಂಥಾಕಿ ಅಂತ ನೋಡಬ್ಯಾಡೇನು? ಸೊಸಿ ತರೋ ಮುಂದ ಮಂದಿ ವಿಚಾರಿಸಂಗಿಲ್ಲೇನು?"

"ಸೊಸಿಗೆ ಯಾರೂ ಪಗಾರ ಕೊಡಂಗಿಲ್ಲ ಬಿಡ್ರಿ."

ಗುಮಾಸ್ತ ಪಾಲಾಕ್ಷ ಕಿಸಕ್ಕನೆ ನಕ್ಕ. ಸಾವ್ಕಾರ ನಗಲಿಲ್ಲ. ಕೈ ಹಾಗೇ ಇತ್ತು.

ಅವಳು ಬಿ.ಕಾಂ. ಮುಗಿಸಿ ಎರಡು ವರ್ಷವಾಗಿತ್ತು. ಈ ಕೆಲಸ ಸಿಕ್ಕರೆ, ಇದೇ ಗೋಡೌನಿನಲ್ಲಿ ಧೂಳು ಕುಡಿಯುತ್ತ ಕಾಳು ಹಸನು ಮಾಡುವ ಅವ್ವ ಜಂಬಕ್ಕನನ್ನು ಮನೆಯಲ್ಲಿ ಕೂರಿಸಬಹುದಿತ್ತು. ಲಾಕು ತೆಗೆದು ಕೊಟ್ಟಳು. ಕೊಟ್ಟದ್ದೇ ತಪ್ಪು.

ಇನ್‌ಸ್ಟಾದಲ್ಲಿ ಅವನಿಗೆ ಬೇಕಾದದ್ದೇನೂ ಇರಲಿಲ್ಲ. ವಾಟ್ಸಾಪಿನಲ್ಲಿ, ಅವ್ವನಿಗಾಗಿ ಅವಳು ಸೇರಿದ್ದ ಗೋಡೌನಿನ ಹೆಂಗಸರ ಗುಂಪು ಸಿಕ್ಕಿತು. ನಲವತ್ತು ಹೆಂಗಸರಿಗೆ ಅಲ್ಲಿ ಒಂದು ಕಕ್ಕಸು ಇರಲಿಲ್ಲ. ಕಟ್ಟಿಸುವ ತನಕ, ಸೋಮವಾರದಿಂದ ಯಾರೂ ಕೆಲಸಕ್ಕೆ ಇಳಿಯಬಾರದೆಂದು ಗುಂಪಿನಲ್ಲಿ ಮಾತಾಗಿತ್ತು. ಬರೆಯಲು ಬಾರದ ಅವರು ಎಲ್ಲವನ್ನೂ ವಾಯ್ಸ್ ಮೆಸೇಜಿನಲ್ಲಿ ಬಾಯಲ್ಲೇ ಹೇಳಿ ಕಳಿಸಿದ್ದರು. ಫೋನು ಗಂಡನದೋ ಮಗನದೋ; ಹೆಸರು ನೋಡಿದರೆ ಮಾತಾಡಿದವರು ಯಾರೆಂದು ತಿಳಿಯದು. ಕೊರಳು ಕೇಳಿದರೆ ತಿಳಿಯುತ್ತದೆ. ದಿನಾ ಅವರ ಮೇಲೆ ಕೂಗಾಡುವ ಸಾವ್ಕಾರನಿಗೆ ಒಬ್ಬೊಬ್ಬರ ಕೊರಳೂ ಗೊತ್ತು. ಗುಂಪಿನ ಮೊದಲ ಮೆಸೇಜು ಜಂಬಕ್ಕನದು.

"ಏನಿದು, ಇಷ್ಟುದ್ದ ಮಾತಾಡ್ಯಾರ?" ಎನ್ನುತ್ತ ಹೆಬ್ಬೆರಳನ್ನು ಅದರ ಮೇಲೆ ತಂದ.

ಒತ್ತಿದರೆ ಅವ್ವನ ಜೊತೆ ಇನ್ನೂ ಐದಾರು ಮಂದಿ ಸಂಜೆಯೊಳಗೆ ಬೀದಿಗೆ. ಹೊನ್ನೂರಮ್ಮ ಮೇಜಿನ ಮೇಲೆ ಬಗ್ಗಿ ಫೋನು ಕಿತ್ತುಕೊಂಡಳು.

"ಹಂಗಾರ ಬಚ್ಚಿಡೋದು ಏನೋ ಐತಿ ಅಂದಂಗಾತು."

"ಐತ್ರಿ. ನಿಮ್ಗ ಇಲ್ಲೇನು? ನಿಮ್ ಫೋನೂ ಇಲ್ಲಿಡ್ರಿ, ನಾನೂ ನೋಡ್ತೀನಿ."

"ನಡಿ ಹೊರಗ! ಪಗಾರ ಗಿಗಾರ ಅಂತ ಇತ್ಲಾಗ ಬಂದಿ ಅಂದ್ರ ನೋಡು!"

ಅಂಗಳದಲ್ಲಿ ಮೊರ ಹಿಡಿದಿದ್ದ ಜಂಬಕ್ಕ ಮಗಳು ಹೇಳಿದ್ದನ್ನೆಲ್ಲ ಕೇಳಿದಳು. ತಲೆ ಸವರಲಿಲ್ಲ.

"ಮೊದ್ಲು ಅವನ ಕೈಗೆ ಯಾಕ ಕೊಟ್ಟಿ? ಬಿ.ಕಾಂ. ಓದ್ಯಾಳಂತ ಬಿ.ಕಾಂ.!"

ಬೈದು, ಮತ್ತೆ ಕಾಳಿಗೆ ಕೈ ಹಾಕಿದಳು.

ಸೋಮವಾರ ನಲವತ್ತು ಹೆಂಗಸರೂ ಗೇಟಿನಾಚೆ ನಿಂತು ಒಟ್ಟಿಗೆ ಕೂಗಿದರು. ಅದರಲ್ಲಿ ಒಂದು ಕೊರಳನ್ನು ಆರಿಸಿ ಹೊರಗೆ ಹಾಕಲು ಸಾವ್ಕಾರನಿಗೆ ಆಗಲಿಲ್ಲ. ಎಂಟು ದಿನಕ್ಕೆ ಕಕ್ಕಸಿನ ಪಾಯ ತೆಗೆಸಿದ. ಹೊನ್ನೂರಮ್ಮನ ಕೆಲಸ ಮಾತ್ರ ಹೋದದ್ದು ಹೋಯಿತು. ಈಗ ಆ ಕುರ್ಚಿಯಲ್ಲಿ ಇನ್ನೊಬ್ಬಳು ಕೂತಿದ್ದಾಳೆ, ಫೋನು ತೆರೆದು ತೋರಿಸಿಯೇ.

ಇದನ್ನು ಓದುತ್ತಿರುವ ನೀವು ಅಂಗಡಿಯನ್ನೋ ಶಾಲೆಯನ್ನೋ ನಡೆಸುವವರಾದರೆ ಹೇಳಿ: ಕೆಲಸ ಕೇಳಿ ಬಂದವರ ಫೋನು ನೀವೂ ತೆರೆಸಿದ್ದೀರಾ? ತೆರೆಸಿದ್ದರೆ ಇವತ್ತೇ ಅವರ ಮನೆಗೆ ಹೋಗಿ, ಓಣಿಯವರ ಎದುರಿಗೆ ನಿಂತು, ತಪ್ಪು ಮಾಡಿದೆ ಅನ್ನಿ.