ಅವನ ಡಿಸ್ಕ್, ನನ್ನ ಡಿಸ್ಕ್

ಅಥವಾ ಆ ಕಾರ್ಪೆಟ್ ಬೂದು ಬಣ್ಣದ್ದೇ ಇರಲಿಲ್ಲವೇನೋ. ಅದರ ಮೇಲೆ ಕೆನ್ನೆ ಒತ್ತಿ ಬೋರಲು ಮಲಗಿದ್ದವಳು ನಾನೇ; ಆದರೂ ಬಣ್ಣ ಕೇಳಿದರೆ ಒಮ್ಮೆ ಬೂದು ಎನ್ನುತ್ತೇನೆ, ಒಮ್ಮೆ ಕಂದು. ನೋವಿನಲ್ಲಿ ಬೇರೇನೂ ನೆನಪಿರುವುದಿಲ್ಲ ಎಂದು ಬರೆದರೆ ಚೆನ್ನಾಗಿ ಕೇಳಿಸುತ್ತದೆ. ಸುಳ್ಳು. ಅವತ್ತಿನ ಬಿಸಿಬೇಳೆಬಾತಿಗೆ ಉಪ್ಪು ಕಡಿಮೆಯಾಗಿತ್ತು.

ನ್ಯೂಜೆರ್ಸಿಯ ಪ್ಲೇನ್ಸ್‌ಬರೋದಲ್ಲಿ ಗೆಳೆಯರ ಮನೆ, ಶನಿವಾರದ ಮಧ್ಯಾಹ್ನದ ಊಟ. ಕೂರಲಾಗದೆ ಸೋಫಾದ ಮುಂದೆ ಮಲಗಿದ್ದೆ. ಸೊಂಟದಿಂದ ಎಡಪಾದದವರೆಗೆ ಕಾದ ತಂತಿ ಎಳೆದ ಹಾಗೆ. ತಟ್ಟೆ ಹಿಡಿದವರು ನನ್ನನ್ನು ದಾಟಿಕೊಂಡು ಓಡಾಡುತ್ತಿದ್ದರು.

"ಈಸ್ ಶೀ ಡೆಡ್?" ಎಂದಿತು ಒಂದು ಮಗು.

"ಇಲ್ಲ ಪುಟ್ಟಾ, ಆಂಟಿಗೆ ಬ್ಯಾಕ್ ಪೇನ್," ಎಂದು ಅದರ ತಾಯಿ ರಾಯಿತ ಬಡಿಸಿಕೊಂಡಳು.

ನನ್ನ ಗಂಡ ಫೋನು ತೆಗೆದ. ಹಿಂದೊಮ್ಮೆ ಹೈವೇಯಲ್ಲಿ ಅವನ ಕಾರಿಗೆ ಹಿಂದಿನಿಂದ ಯಾರೋ ಗುದ್ದಿದಾಗ ಅವನಿಗೂ ಎಂಆರ್‌ಐ ಮಾಡಿದ್ದರು. ಅವನದು, ನನ್ನದು, ಎರಡೂ ರಿಪೋರ್ಟ್ ಎಲ್ಲರಿಗೂ ಓದಿ ಹೇಳಿದ.

"ನನಗೆ ಮೂರು ಡಿಸ್ಕ್ ಒಣಗಿದೆ, ಎರಡು ಉಬ್ಬಿದೆ. ಇವಳಿಗೆ ಒಂದೇ, ಅದೂ ಸ್ಮಾಲ್. ನಾನು ನಿನ್ನೆ ಬ್ಯಾಡ್ಮಿಂಟನ್ ಆಡ್ಬಂದೆ. ಮೇಡಮ್ ಕಾರ್ಪೆಟ್ ಮೇಲೆ. ನೀವೇ ಹೇಳಿ."

"ಡಿಸ್ಕಲ್ಲೂ ಸೋತ್ಬಿಟ್ರಲ್ಲ ನೀವು!" ಎಂದ ಆ ಮನೆಯವನು, ನನ್ನತ್ತ ಬಗ್ಗಿ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕರೆ ತಂತಿ ಇನ್ನೂ ಬಿಗಿಯುತ್ತದೆ.

ಸಮರ್‌ಸೆಟ್‌ನಿಂದ ಬಂದಿದ್ದ ಡಾಕ್ಟರ್ ಆಂಟಿಯೊಬ್ಬರು ತಟ್ಟೆ ಕೆಳಗಿಟ್ಟು ನನ್ನ ಕಾಲ ಬಳಿ ಕೂತರು.

"ಡಿಸ್ಕ್ ಅಂದ್ರೆ ಮೂಳೆ ಮಧ್ಯದ ಮೆತ್ತೆ ಕಣಪ್ಪ. ವಯಸ್ಸಾದ್ರೆ ಎಲ್ಲರದ್ದೂ ಸವೆಯತ್ತೆ. ನಿಂದು ಎಷ್ಟು ಉಬ್ಬಿದ್ರೂ ನರಕ್ಕೆ ತಾಗಿಲ್ಲ. ಇವಳದ್ದು ಚಿಕ್ಕದು, ನೆಟ್ಟಗೆ ನರ ಒತ್ತುತ್ತಿದೆ." ಆಮೇಲೆ ನನಗೆ, "ಅಂಗಾತ ತಿರುಗಮ್ಮ. ಹೆಬ್ಬೆರಳು ಮೇಲಕ್ಕೆತ್ತು."

ಬಲಗಾಲಿನದು ಎದ್ದಿತು. ಎಡಗಾಲಿನದು ಏಳಲಿಲ್ಲ.

"ಟ್ರೈ ಮಾಡ್ತಿಲ್ಲ ಅವಳು," ಎಂದ ಗಂಡ.

"ಬರೀ ನೋವಾದ್ರೆ ಕಾಯಬಹುದು, ಎಷ್ಟೋ ಜನಕ್ಕೆ ಎಕ್ಸರ್‌ಸೈಜಲ್ಲೇ ಹೋಗತ್ತೆ. ಶಕ್ತಿ ಹೋದ್ರೆ ಕಾಯಬಾರದು. ಈಗಲೇ ಎಮರ್ಜೆನ್ಸಿಗೆ ಕರ್ಕೊಂಡು ಹೋಗು."

"ಸ್ವೀಟ್ ಬರ್ಲಿ ಆಂಟಿ, ಹೊರಟ್ವಿ."

ಹೊರಟಿದ್ದು ಮನೆಗೆ. ಹಿಂದಿನ ಸೀಟಿನಲ್ಲಿ ಮುದುಡಿಕೊಂಡಿದ್ದ ನನಗೆ ಕನ್ನಡಿಯಲ್ಲೇ ನೋಡುತ್ತ ಹೇಳಿದ: "ವೀಕೆಂಡಲ್ಲಿ ಅಲ್ಲಿ ಗಂಟೆಗಟ್ಟಲೆ ಕೂರಿಸ್ತಾರೆ. ನಿಂಗೆ ಕೂರಕ್ಕಾಗಲ್ವಲ್ಲ. ಮಂಡೇ ನೋಡೋಣ."

ಇಲ್ಲಿ ಅವನನ್ನು ಬೈದೆ ಎಂದು ಬರೆಯುವ ಆಸೆ. ಬೈದ ನೆನಪಿಲ್ಲ.

ಸೋಮವಾರ ಆಸ್ಪತ್ರೆಗೆ ಹೋದೆವು, ಮರುದಿನವೇ ಆಪರೇಷನ್. ನರವನ್ನು ಒತ್ತುತ್ತಿದ್ದ ಚೂರನ್ನು ತೆಗೆದರು. ಎಚ್ಚರವಾದಾಗ ನೋವಿರಲಿಲ್ಲ. ಬೆರಳೂ ಇರಲಿಲ್ಲ, ಅಂದರೆ ಇತ್ತು, ಏಳುತ್ತಿರಲಿಲ್ಲ. ಈಗಲೂ ಏಳುವುದಿಲ್ಲ. ಪಾದ ಜೋಲದಿರಲೆಂದು ಶೂ ಒಳಗೆ ಪ್ಲಾಸ್ಟಿಕ್ ಪಟ್ಟಿ ಹಾಕಿಕೊಂಡು ನ್ಯೂಯಾರ್ಕಿನ ಆಫೀಸಿಗೆ ಹೋಗುತ್ತೇನೆ. ಸಬ್‌ವೇ ಮೆಟ್ಟಿಲಲ್ಲಿ ಪಾದ ಎಡವಿದರೆ ಹಿಂದಿನವರು ಉಸಿರು ಬಿಡುವುದು ಕೇಳಿಸುತ್ತದೆ. ಗಂಡನ ಮೂರು ಡಿಸ್ಕ್ ಒಣಗಿದಂತೆಯೇ ಇವೆ. ಅವನು ಬಗ್ಗಿ ಲೇಸ್ ಕಟ್ಟುವಾಗ ನೋವು ಕಾಣುತ್ತದೇನೋ ಎಂದು ಮುಖವನ್ನೇ ನೋಡುತ್ತೇನೆ. ಇನ್ನೂ ಏನೂ ಇಲ್ಲ.

ಶನಿವಾರವೇ ಬಂದಿದ್ದರೆ ಬೆರಳು ಉಳಿಯುತ್ತಿತ್ತೇ ಎಂದು ಸರ್ಜನ್‌ರನ್ನು ಕೇಳಿದೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು, ಬಲ ಯಾವತ್ತು ಹೋಯಿತು ಎಂದು ನಿಮಗೆ ಗೊತ್ತೇ ಎಂದರು. ಆಂಟಿ ಕೇಳುವವರೆಗೆ ನಾನು ಎತ್ತಿ ನೋಡಿರಲೇ ಇಲ್ಲ. ಗೊತ್ತಿಲ್ಲ.