ಹೊಸ ಪುಸ್ತಕ ಹರಿಯುವ ನಾಹಿದಾ

ಭಾನುವಾರ. ಇನ್ನೂ ಪೂರ್ತಿ ಬೆಳಕಾಗಿಲ್ಲ. ಹಳೇ ಹುಬ್ಬಳ್ಳಿಯ ಗಲ್ಲಿಯಲ್ಲಿ ನಾಹಿದಾ ತಮ್ಮ ಬೈಂಡಿಂಗ್ ಅಂಗಡಿಯ ಶಟರ್ ಅರ್ಧ ಎತ್ತಿ ಕೂತಿದ್ದಾರೆ. ಮುಂದೆ ಹೊಚ್ಚ ಹೊಸ ಗೈಡು. ಕಾನೂನು ಕಾಲೇಜಿನ ಪ್ರವೇಶ ಪರೀಕ್ಷೆಯದು, ಇಟ್ಟಂಗಿಯಷ್ಟು ದಪ್ಪ. ಅದನ್ನು ಬೋರಲು ಹಾಕಿ, ಬೆನ್ನಿಗೆ ಚಾಕು ಇಟ್ಟು ಸರ್ರನೆ ಸೀಳುತ್ತಾರೆ.

"ಅಯ್ಯ ಆಪಾ, ಹೊಸಾ ಪುಸ್ತಕಾ!" ಮೊದಲ ಬಸ್ಸಿಗೆ ಗರಗದಿಂದ ಬಂದ ಕಾವೇರಿ ಎದೆ ಹಿಡಿದುಕೊಳ್ಳುತ್ತಾಳೆ.

"ಹೊಸಾದಿದ್ರ ಏನಾತ? ಇಡೀ ಇಟ್ರ ಒಬ್ರಿಗೆ, ಹರದ್ರ ಎಂಟು ಮಂದಿಗೆ."

ನಾಹಿದಾ ಸಾಲಿ ಬಿಟ್ಟದ್ದು ಏಳನೇ ಇಯತ್ತೆಗೆ. ವಕೀಲರ ಕೇಸಿನ ಕಟ್ಟುಗಳನ್ನು ದಬ್ಬಣ, ದಾರದಿಂದ ಹೊಲಿಯುವುದು ಅಪ್ಪನಿಂದ ಬಂದ ಕಸುಬು, ಅದೇ ಅನ್ನ. ಭಾನುವಾರ ಮಾತ್ರ ಉಲ್ಟಾ ಕೆಲಸ. ಗೈಡಿನ ಬೆಲೆಯನ್ನು ಎಂಟು ಹುಡುಗರು ಹಂಚಿಕೊಳ್ಳುತ್ತಾರೆ, ಇವರು ಎಂಟು ಭಾಗ ಮಾಡಿ ಒಂದೊಂದಕ್ಕೂ ರಟ್ಟು ಅಂಟಿಸಿ ಕೊಡುತ್ತಾರೆ. ವಾರಕ್ಕೊಮ್ಮೆ ಅದಲುಬದಲು. ಕೂಲಿ ಒಂದು ಪೈಸೆ ಮುಟ್ಟುವುದಿಲ್ಲ.

ಈ ಸಲದ ಎಂಟರಲ್ಲಿ ಒಬ್ಬಳಾದ ಕಾವೇರಿ ಖಾದಿ ನೂಲು ನೂತು ಕೂಡಿಸಿದ ದುಡ್ಡು ಅರ್ಜಿಯ ಫೀಗೆ, ಪುಸ್ತಕದ ಪಾಲಿಗೆ ಮಾತ್ರ ಸಾಲುತ್ತದೆ. ಇಡೀ ಪುಸ್ತಕ ಕೊಂಡರೆ ಅರ್ಜಿ ಇಲ್ಲ, ಅರ್ಜಿ ಹಾಕಿದರೆ ಇಡೀ ಪುಸ್ತಕ ಇಲ್ಲ. ಅರ್ಜಿಗೆ ಇವತ್ತೇ ಕೊನೆಯ ದಿನ. ಬಡವರ ಮಕ್ಕಳು ಕಕ್ಷಿದಾರರಾಗಿ ಕೋರ್ಟಿನ ಮೆಟ್ಟಿಲು ಸವೆಸಿದರೆ ಎಲ್ಲರಿಗೂ ಬೇಕು. ಕರೀ ಕೋಟು ಹಾಕಿಕೊಂಡು ಬರುತ್ತೇವೆ ಅಂದರೆ ಬಾಗಿಲಲ್ಲೇ ಸುಲಿಗೆ!

ಅಷ್ಟರಲ್ಲಿ ಬೈಕು ಬಂದು ನಿಲ್ಲುತ್ತದೆ. ಪ್ರತಾಪ, ಕೋಚಿಂಗ್ ಕ್ಲಾಸೊಂದಕ್ಕೆ ಹುಡುಗರನ್ನು ಹಿಡಿದು ತರುವವನು.

"ಏನ್ರೀ ಅಕ್ಕಾರ, ಪುಸ್ತಕ ಹರಿಯೂದು ಪಾಪ ಅಲ್ಲೇನ್ರಿ? ಇವರನ್ನ ನಮ್ಮ ಕ್ಲಾಸಿಗೆ ಕಳಸ್ರಿ. ನಿಮಗೂ ಏನರ ಸಿಗತೈತಿ."

"ಹುಡುಗರ ಪುಸ್ತಕ, ನನ್ನ ಚಾಕು. ನಡುವ ನಿಮ್ಮದೇನ ಹರೀತ್ರಿ?"

ಪ್ರತಾಪನ ನಗು ಆರುತ್ತದೆ. "ನಿಮಗ ಫೈಲ್ ಕೊಡೂ ವಕೀಲರು ನಮ್ಮ ಕ್ಲಾಸಿನ ಸಾಹೇಬರ ದೋಸ್ತರು. ನೆಪ್ಪಿರಲಿ."

ಮೊಬೈಲಿನಲ್ಲಿ ಅರ್ಜಿಯ ಫೀ ತುಂಬಲು ಹೊರಟ ಕಾವೇರಿಯ ಬೆರಳು ಗಾಳಿಯಲ್ಲೇ ನಿಲ್ಲುತ್ತದೆ. ನಾಹಿದಾ ತಲೆ ಎತ್ತುವುದಿಲ್ಲ, ಮೈದಾ ಅಂಟು ಸವರುತ್ತಲೇ ಹೇಳುತ್ತಾರೆ, "ಅವನ ಮಾರಿ ಏನ ನೋಡ್ತಿ? ಫೀ ತುಂಬು."

ಕಾವೇರಿ ಒತ್ತುತ್ತಾಳೆ. ಅರ್ಜಿ ಹೋಗುತ್ತದೆ. ಪ್ರತಾಪನೂ ಹೋಗುತ್ತಾನೆ.

ಮಾತು ಉಳಿಸಿಕೊಂಡ ಪುಣ್ಯಾತ್ಮ! ಹತ್ತು ಗಂಟೆಗೆಲ್ಲ ವಕೀಲರೊಬ್ಬರ ಆಳು ಬಂದು, ಹೊಲಿಯಲು ಕೊಟ್ಟಿದ್ದ ಕಟ್ಟುಗಳನ್ನೆಲ್ಲ ಚೀಲಕ್ಕೆ ತುಂಬಿಕೊಳ್ಳುತ್ತಾನೆ. "ಸಾಹೇಬರು ಬ್ಯಾಡ ಅಂದಾರ್ರಿ," ಅನ್ನುತ್ತಾನೆ, ಮುಖ ಕೊಡದೆ. ತಿಂಗಳ ಅರ್ಧ ಗಳಿಕೆ ಅವನ ಹೆಗಲೇರಿ ನಡೆಯುತ್ತದೆ.

ಕಾವೇರಿಯ ಕಣ್ಣು ತುಂಬುತ್ತದೆ. "ನನ್ನ ಸಲುವಾಗಿ ನಿಮ್ಮ ಕೆಲಸಾ ಹೋತಲ್ಲ, ಆಪಾ."

"ಅಳಬ್ಯಾಡ, ಹಸಿ ಅಂಟಿನ ಮ್ಯಾಲ ನೀರು ಬೀಳತೈತಿ." ಮೊದಲ ಭಾಗವನ್ನು ಅವಳ ಕೈಗಿಟ್ಟು ನಾಹಿದಾ ಗದರುತ್ತಾರೆ. "ಹೋದದ್ದು ಹೋಗ್ಲಿ. ನೀ ವಕೀಲ ಆಗು, ನಿನ್ನ ಕಟ್ಟೆಲ್ಲಾ ನನ್ನ ಕಡೇನ ಬರಬೇಕು. ಆದ್ರ ಅವತ್ತ ಕೂಲಿ ಪೂರಾ ತಗೊಳ್ಳಾಕಿ ನಾ. ಉಳಿದ ವಕೀಲರಂಗ ಚೌಕಾಸಿ ಮಾಡಿದೆಂದ್ರ, ಅಂಗಡಿ ಮೆಟ್ಟಲಾ ಹತ್ತಗೊಡೂದಿಲ್ಲ!"